ಸಂಸ್ಕಾರಕಗಳ ಪಾಠಾಂತರ: ೮೦೮೦ರ ವಂಶದಲ್ಲಿ ಹೊಂದಾಣಿಕೆಯ ಚರಿತ್ರೆ

೧

ಗ್ರಂಥ ಸಂಪಾದನೆಯಲ್ಲಿ ಪಳಗಿದವರಿಗೆ ಪಾಠಾಂತರದ ಸಮಸ್ಯೆ ಹೊಸದಲ್ಲ. ಒಂದೇ ಕೃತಿಯ ಎರಡು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡರೆ ಪದ್ಯಗಳ ಬಹುಭಾಗ ಒಂದೇ ಆಗಿದ್ದು, ಎಲ್ಲೋ ಒಂದು ಕಡೆ ಒಂದಕ್ಷರ ಮಾತ್ರ ಬೇರೆಯಾಗಿರುತ್ತದೆ. ಆ ಒಂದಕ್ಷರವೇ ಅರ್ಥವನ್ನು ಬೇರೆ ದಿಕ್ಕಿಗೆ ತಿರುಗಿಸಿಬಿಡಬಹುದು. ಗಣಕಯಂತ್ರದ ಸಂಸ್ಕಾರಕಗಳ ಚರಿತ್ರೆಯಲ್ಲಿಯೂ ಇಂಥದೇ ಸಮಸ್ಯೆಯೊಂದಿದೆ. ಒಂದು ಸಂಸ್ಕಾರಕಕ್ಕಾಗಿ ಬರೆದ ಆಜ್ಞೆಗಳ ಸರಣಿಯನ್ನು ಅದರ ದಾಯಾದಿಯಾದ ಮತ್ತೊಂದು ಸಂಸ್ಕಾರಕ ಹಾಗೆಯೇ ಓದಿ, ಅದೇ ಫಲವನ್ನು ಕೊಟ್ಟರೆ ಅವೆರಡಕ್ಕೂ ಹೊಂದಾಣಿಕೆಯಿದೆ ಎನ್ನುತ್ತೇವೆ. ಜಾಹೀರಾತುಗಳಲ್ಲಿ ಈ ಮಾತು ಸಂಪೂರ್ಣ ಸಾಮ್ಯವೆಂಬ ಅರ್ಥದಲ್ಲಿ ಬಳಕೆಯಾಯಿತು. ಚರಿತ್ರೆಯನ್ನು ನೋಡಿದರೆ ಅದು ಅಷ್ಟು ಸರಳವಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಈ ವಿಚಾರ ಕನ್ನಡ ಸಂಶೋಧಕರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವಾಗಿ ಒಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ಪಶ್ಚಿಮ ದೆಹಲಿಯ ಜನಕಪುರಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಬೆಳೆಸಿದ ಬಡಾವಣೆ. ಇಂದಿನ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯ, ಅಂದರೆ ೨೦೨೦ರವರೆಗಿನ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನ ಇರುವುದೂ ಅಲ್ಲಿಯೇ. ಅಲ್ಲಿನ ಕನ್ನಡ ಮನೆಯೊಂದರ ಅಟ್ಟದ ಮೇಲೆ ಐದೂಕಾಲು ಅಂಗುಲದ ಫ್ಲಾಪಿಗಳ ಒಂದು ಪೆಟ್ಟಿಗೆಯಿದೆಯೆಂದೂ, ಅವುಗಳಲ್ಲಿ ೧೯೯೦ರ ಸುಮಾರಿನಲ್ಲಿ ಯಾರೋ ಶ್ರಮಪಟ್ಟು ಕನ್ನಡದಲ್ಲಿ ಅಚ್ಚುಮಾಡಿಟ್ಟ ಒಂದು ಪದಪಟ್ಟಿಯಿದೆಯೆಂದೂ ಇಟ್ಟುಕೊಳ್ಳೋಣ. ಕರ್ನಾಟಕದ ಹೊರಗೆ ನಡೆದ ಕನ್ನಡ ಕೆಲಸದ ಎಷ್ಟೋ ಭಾಗ ಗ್ರಂಥಾಲಯಗಳನ್ನು ಸೇರದೆ ಇಂಥ ಖಾಸಗಿ ಪೆಟ್ಟಿಗೆಗಳಲ್ಲಿಯೇ ಉಳಿದಿರುವ ಸಂಭವ ಹೆಚ್ಚು. ಆ ಪದಪಟ್ಟಿಯನ್ನು ಇಂದು ಓದಬಹುದೇ? ಓದಲು ಬಂದರೂ ನಾವು ಓದಿದ್ದು ಅವರು ಬರೆದದ್ದೇ ಆಗಿರುತ್ತದೆಯೇ? ಈ ಎರಡು ಪ್ರಶ್ನೆಗಳಿಗೂ ಉತ್ತರ ಕಂಡುಕೊಳ್ಳಬೇಕಾದರೆ ೧೯೭೪ರಿಂದ ಆರಂಭವಾದ ಒಂದು ವಂಶಾವಳಿಯನ್ನು ಅನುಸರಿಸಬೇಕಾಗುತ್ತದೆ.

೨

ಇಂಟೆಲ್ ಕಂಪನಿಯ ೮೦೮೦ ಎಂಬ ಸಂಸ್ಕಾರಕ ೧೯೭೪ರಲ್ಲಿ ಹೊರಬಂದಿತು. ಎಂಟು ಬಿಟ್ಟುಗಳ ಈ ಯಂತ್ರದಲ್ಲಿ ಆಜ್ಞೆಯ ಮೊದಲ ಬೈಟು ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆ. ಅಂದರೆ ಒಟ್ಟು ೨೫೬ ಸ್ಥಾನಗಳು. ಇವುಗಳಲ್ಲಿ ೨೪೪ಕ್ಕೆ ಮಾತ್ರ ಇಂಟೆಲ್ ಅರ್ಥ ನಿಗದಿ ಮಾಡಿತ್ತು. ಪಂಕ್ತಿಯಲ್ಲಿ ೨೫೬ ಎಲೆ ಹಾಕಿ ೨೪೪ ಜನರನ್ನು ಮಾತ್ರ ಕೂರಿಸಿದಂತೆ, ೧೨ ಎಲೆಗಳು ಖಾಲಿ ಉಳಿದವು. ಕೈಪಿಡಿಯಲ್ಲಿ ಈ ೧೨ರ ಪ್ರಸ್ತಾಪವಿರಲಿಲ್ಲ. ಆದರೆ ಯಂತ್ರಕ್ಕೆ ಆ ಸಂಖ್ಯೆಗಳನ್ನು ಕೊಟ್ಟರೆ ಅದು ಸುಮ್ಮನೆ ನಿಲ್ಲುತ್ತಿರಲಿಲ್ಲ. ಏಳು ಸಂಖ್ಯೆಗಳಿಗೆ ‘ಏನನ್ನೂ ಮಾಡದಿರು’ ಎಂಬ ಆಜ್ಞೆಯಂತೆಯೂ, ಉಳಿದ ಐದಕ್ಕೆ ನೆಗೆತ, ಕರೆ ಮತ್ತು ಮರಳುವಿಕೆಯ ಆಜ್ಞೆಗಳ ನಕಲುಗಳಂತೆಯೂ ವರ್ತಿಸುತ್ತಿತ್ತು. ಹೀಗೆ ಆರಂಭದಲ್ಲಿಯೇ ಎರಡು ಪಾಠಗಳು ಹುಟ್ಟಿದವು: ಕೈಪಿಡಿ ಹೇಳುವ ಪಾಠ ಒಂದು, ಸಿಲಿಕಾನ್ ನಡೆದುಕೊಳ್ಳುವ ಪಾಠ ಮತ್ತೊಂದು. ಮುಂದಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ಅಂತರದಿಂದಲೇ ಬೆಳೆದಿದೆ.

ಇಂಟೆಲ್ ಬಿಟ್ಟುಹೊರಟ ಫೆಡೆರಿಕೊ ಫಾಜಿನ್ ಅವರು ಕಟ್ಟಿದ ಜೈಲಾಗ್ ಕಂಪನಿ ೧೯೭೬ರಲ್ಲಿ ಝಡ್-೮೦ ಸಂಸ್ಕಾರಕವನ್ನು ತಂದಿತು. ೮೦೮೦ರ ವಿನ್ಯಾಸದಲ್ಲಿ ಫಾಜಿನ್ ಅವರೊಂದಿಗಿದ್ದ ಮಸತೋಶಿ ಶಿಮಾ ಅವರು ಇದರ ವಿನ್ಯಾಸದಲ್ಲಿಯೂ ಇದ್ದರು. ೮೦೮೦ರ ೭೮ ಬಗೆಯ ಆಜ್ಞೆಗಳನ್ನೂ ಉಳಿಸಿಕೊಂಡು ಒಟ್ಟು ೧೫೮ ಬಗೆಗಳನ್ನು ಕೊಡುತ್ತೇವೆಂಬುದು ಜೈಲಾಗಿನ ಹೆಗ್ಗಳಿಕೆಯಾಗಿತ್ತು. ಹೊಸ ಆಜ್ಞೆಗಳಿಗೆ ಸ್ಥಳ ದೊರೆತದ್ದು ಆ ೧೨ ಖಾಲಿ ಎಲೆಗಳಲ್ಲಿ. ಸರಿಸುಮಾರು ಅದೇ ಸಮಯದಲ್ಲಿ ಇಂಟೆಲ್ ತಾನೂ ೮೦೮೫ನ್ನು ಸಿದ್ಧಪಡಿಸಿ, ಅದೇ ೧೨ ಎಲೆಗಳಲ್ಲಿ ಬೇರೆ ಅತಿಥಿಗಳನ್ನು ಕೂರಿಸಿತು. ಇವುಗಳಲ್ಲಿ ಎರಡನ್ನು ಮಾತ್ರ ಕೈಪಿಡಿಯಲ್ಲಿ ಪ್ರಕಟಿಸಿತು; ಉಳಿದ ಹತ್ತನ್ನು ಸಿಲಿಕಾನಿನಲ್ಲಿ ಇಟ್ಟುಕೊಂಡೇ ಮೌನ ವಹಿಸಿತು. ಮುಂದೆ ಬರಲಿದ್ದ ೮೦೮೬ ಕೂಡ ಅವುಗಳನ್ನು ಪಾಲಿಸಬೇಕಾದೀತೆಂಬ ಆತಂಕ ಇದಕ್ಕೆ ಕಾರಣವಾಗಿತ್ತೆಂಬುದನ್ನು ೮೦೮೬ನ್ನು ರೂಪಿಸಿದವರೇ ೧೯೮೦ರಲ್ಲಿ ಬರೆದಿದ್ದಾರೆ. ಆ ಹತ್ತು ಆಜ್ಞೆಗಳನ್ನು ಬಳಕೆದಾರರೇ ಹುಡುಕಿ ತೆಗೆದರು. ೧೯೭೯ರಲ್ಲಿ ಅವು ಅಮೆರಿಕದ ತಾಂತ್ರಿಕ ಪತ್ರಿಕೆಯೊಂದರಲ್ಲಿ ಪ್ರಕಟವಾದವು.

ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ೩೨ ಎಂಬ ಸಂಖ್ಯೆ ೮೦೮೦ಕ್ಕೆ ‘ಸುಮ್ಮನಿರು’ ಎಂಬ ಅರ್ಥ ಕೊಟ್ಟರೆ, ೮೦೮೫ಕ್ಕೆ ‘ಅಡ್ಡಿಕೋರಿಕೆಗಳ ಸ್ಥಿತಿಯನ್ನು ಓದು’ ಎಂಬ ಅರ್ಥ ಕೊಡುತ್ತದೆ. ಝಡ್-೮೦ಕ್ಕೆ ಅದೇ ಸಂಖ್ಯೆ ‘ಫಲ ಸೊನ್ನೆಯಲ್ಲದಿದ್ದರೆ ಇಷ್ಟು ದೂರ ನೆಗೆ’ ಎಂದಾಗುತ್ತದೆ. ಮೂರೂ ಯಂತ್ರಗಳು ಒಂದೇ ವಂಶದವು. ೮೦೮೫ ಮತ್ತು ಝಡ್-೮೦ ಎರಡೂ ೮೦೮೦ಕ್ಕೆ ಹೊಂದಿಕೊಳ್ಳುತ್ತವೆಂದು ಹೆಸರಾದವು. ಆದರೆ ಅವೆರಡೂ ಪರಸ್ಪರ ಹೊಂದಿಕೊಳ್ಳುವುದಿಲ್ಲ. ಹಿರಿಯನೊಡನೆ ಇಬ್ಬರಿಗೂ ಬಳಕೆಯಿದ್ದು, ತಮ್ಮ ತಮ್ಮಲ್ಲಿ ಮಾತಿಲ್ಲದ ದಾಯಾದಿಗಳ ಸಂಬಂಧ ಇದು.

೩

ಹೊಂದಾಣಿಕೆ ಎಂಬ ಒಂದು ಪದದೊಳಗೆ ಕನಿಷ್ಠ ನಾಲ್ಕು ಸಂಗತಿಗಳು ಅಡಗಿವೆ. ಅವುಗಳನ್ನು ಬೇರ್ಪಡಿಸದೆ ಚರ್ಚಿಸಿದರೆ ಗೊಂದಲವಾಗುತ್ತದೆ.

ಮೊದಲನೆಯದು ಚಿಪ್ಪಿನ ಲೋಹದ ಕಾಲುಗಳಿಗೆ ಸಂಬಂಧಿಸಿದ್ದು: ಒಂದನ್ನು ಕಿತ್ತು ಅದೇ ಗೂಡಿನಲ್ಲಿ ಮತ್ತೊಂದನ್ನು ಕೂರಿಸಬಹುದೇ? ೮೦೮೦, ೮೦೮೫, ಝಡ್-೮೦ ಮೂರಕ್ಕೂ ೪೦ ಕಾಲುಗಳಿವೆ; ಆದರೆ ಹೀಗೆ ಬದಲಿಸುವಂತಿಲ್ಲ. ೮೦೮೦ಕ್ಕೆ ಮೂರು ಬಗೆಯ ವಿದ್ಯುತ್ ಒತ್ತಡ ಬೇಕು. ಉಳಿದೆರಡಕ್ಕೆ ೫ ವೋಲ್ಟ್ ಒಂದೇ ಸಾಕು. ೮೦೮೫ ತನ್ನ ಎಂಟು ಕಾಲುಗಳಲ್ಲಿ ವಿಳಾಸದ ಕೆಳಭಾಗವನ್ನೂ ದತ್ತಾಂಶವನ್ನೂ ಸರದಿಯಂತೆ ಕಳುಹಿಸುತ್ತದೆ. ಇದಕ್ಕೆ ಪ್ರತಿಯಾಗಿ ಎ.ಎಂ.ಡಿ. ಕಂಪನಿಯ ೯೦೮೦ ೮೦೮೦ರ ಗೂಡಿನಲ್ಲಿ ನೇರವಾಗಿ ಕೂರುವಂಥದು.

ಎರಡನೆಯದು ಯಂತ್ರಸಂಕೇತದ ಹೊಂದಾಣಿಕೆ; ಸಂಖ್ಯೆಗಳ ಸರಣಿ ಎರಡೂ ಯಂತ್ರಗಳಿಗೆ ಒಂದೇ ಅರ್ಥ ಕೊಡಬೇಕು. ಮೂರನೆಯದು ಮನುಷ್ಯರು ಬರೆಯುವ ಮೂಲಲೇಖದ ಹೊಂದಾಣಿಕೆ. ಇವೆರಡೂ ಒಂದೇ ಅಲ್ಲವೆಂಬುದಕ್ಕೆ ೧೨೬ ಎಂಬ ಸಂಕೇತ ಉತ್ತಮ ನಿದರ್ಶನ. ಸ್ಮೃತಿಯ ಒಂದು ಕೋಶದಿಂದ ಮೌಲ್ಯವನ್ನು ತೆಗೆದುಕೊಳ್ಳುವ ಈ ಆಜ್ಞೆಯನ್ನು ಇಂಟೆಲ್ ‘ಮೂವ್ ಎ, ಎಂ’ ಎಂದು ಬರೆದರೆ ಜೈಲಾಗ್ ‘ಎಲ್‌ಡಿ ಎ, ಎಚ್‌ಎಲ್’ ಎಂದು ಬರೆಯಿತು. ಇಂಟೆಲ್ ತನ್ನ ಆಜ್ಞಾನಾಮಗಳ ಮೇಲೆ ಹಕ್ಕು ಸಾಧಿಸುತ್ತಿದ್ದುದರಿಂದ ಜೈಲಾಗ್ ಹೊಸ ಹೆಸರುಗಳನ್ನು ಕಟ್ಟಬೇಕಾಯಿತು. ಯಂತ್ರ ಓದುವ ಸಂಖ್ಯೆ ಒಂದೇ. ಮನುಷ್ಯ ಓದುವ ಬರಹ ಎರಡು. ಒಂದೇ ಶ್ಲೋಕವನ್ನು ಕನ್ನಡ ಲಿಪಿಯಲ್ಲಿಯೂ ನಾಗರಿಯಲ್ಲಿಯೂ ಬರೆದಂತೆ.

ನಾಲ್ಕನೆಯದು ವೇಳೆಯ ಹೊಂದಾಣಿಕೆ. ಒಂದು ಕೋಶದಿಂದ ಇನ್ನೊಂದಕ್ಕೆ ಮೌಲ್ಯ ಸಾಗಿಸುವ ಸರಳ ಆಜ್ಞೆಗೆ ೮೦೮೦ ೫ ಮಿಡಿತಗಳನ್ನು ತೆಗೆದುಕೊಂಡರೆ, ೮೦೮೫ ಮತ್ತು ಝಡ್-೮೦ ನಾಲ್ಕರಲ್ಲಿ ಮುಗಿಸುತ್ತವೆ. ಲೆಕ್ಕಾಚಾರದ ಕ್ರಮವಿಧಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಆದರೆ ಆಜ್ಞೆಗಳನ್ನು ಎಣಿಸಿಯೇ ಸಮಯ ಅಳೆದು ಮುದ್ರಕಕ್ಕೋ ಟೇಪಿಗೋ ಸಂಕೇತ ಕಳುಹಿಸುತ್ತಿದ್ದ ಕ್ರಮವಿಧಿಯ ತಾಳ ತಪ್ಪಿಹೋಗುತ್ತದೆ.

ಈ ನಾಲ್ಕನ್ನೂ ದಾಟಿ ಬರುವ ಸೂಕ್ಷ್ಮ ಭೇದಗಳೂ ಉಂಟು. ಪ್ರತಿ ಲೆಕ್ಕದ ನಂತರ ಫಲ ಎಂಥದೆಂಬುದನ್ನು ತಿಳಿಸುವ ಒಂದೊಂದು ಬಿಟ್ಟಿನ ಸೂಚಕಗಳು ಸಂಸ್ಕಾರಕದಲ್ಲಿರುತ್ತವೆ. ೮೦೮೦ರಲ್ಲಿ ಇವುಗಳ ಪೈಕಿ ಒಂದು ಸಮ-ಬೆಸ ಸೂಚಕ. ಫಲದಲ್ಲಿರುವ ೧ಗಳ ಸಂಖ್ಯೆ ಸಮವಾದರೆ ಅದು ೧ ಆಗುತ್ತದೆ. ಝಡ್-೮೦ ಇದೇ ಸ್ಥಾನದ ಸೂಚಕಕ್ಕೆ ಕೂಡುವ ಕಳೆಯುವ ಲೆಕ್ಕಗಳಲ್ಲಿ ಬೇರೆ ಕೆಲಸ ಕೊಟ್ಟಿತು: ಫಲವು ಚಿಹ್ನೆಸಹಿತ ಸಂಖ್ಯೆಯ ಮಿತಿಯನ್ನು ಮೀರಿದಾಗ ಮಾತ್ರ ೧ ಆಗುವುದು. ಈಗ ೧ಕ್ಕೆ ೨ನ್ನು ಕೂಡೋಣ. ಎರಡೂ ಯಂತ್ರಗಳು ಮೂರು ಎಂದೇ ಹೇಳುತ್ತವೆ. ದ್ವಿಮಾನದಲ್ಲಿ ಅದು ೦೦೦೦೦೦೧೧. ಅದರಲ್ಲಿ ಎರಡು ೧ಗಳಿವೆ. ಆದ್ದರಿಂದ ೮೦೮೦ರ ಸೂಚಕ ೧ ಆಗುತ್ತದೆ. ಮಿತಿ ಮೀರಿಲ್ಲವಾದ್ದರಿಂದ ಝಡ್-೮೦ರ ಸೂಚಕ ೦ ಆಗುತ್ತದೆ. ಆ ಸೂಚಕವನ್ನು ನೋಡಿ ದಾರಿ ಆರಿಸಿಕೊಳ್ಳುವ ಕ್ರಮವಿಧಿ ಎರಡು ಯಂತ್ರಗಳಲ್ಲಿ ಎರಡು ದಾರಿ ಹಿಡಿಯುತ್ತದೆ. ಕೆಲವು ಕ್ರಮವಿಧಿಕಾರರು ತಾವು ಯಾವ ಸಂಸ್ಕಾರಕದ ಮೇಲಿದ್ದೇವೆಂದು ಪತ್ತೆಹಚ್ಚಲು ಈ ಭೇದವನ್ನೇ ಪರೀಕ್ಷೆಯಾಗಿ ಬಳಸಿಕೊಂಡರು.

ಇಷ್ಟಾದರೂ ಈ ವಂಶ ವ್ಯವಹಾರದಲ್ಲಿ ಉಳಿದುಕೊಂಡಿತು. ಗ್ಯಾರಿ ಕಿಲ್ಡಾಲ್ ಅವರು ೧೯೭೪ರಲ್ಲಿ ೮೦೮೦ಕ್ಕಾಗಿ ಆರಂಭಿಸಿದ ಸಿಪಿ/ಎಂ ಕಾರ್ಯವ್ಯವಸ್ಥೆಯ ಮೇಲೆ ನಡೆಯುವ ಎಷ್ಟೋ ತಂತ್ರಾಂಶಗಳು ೮೦೮೦ರ ಪ್ರಕಟಿತ ಆಜ್ಞೆಗಳಿಗೆ ತಮ್ಮನ್ನು ತಾವೇ ಮಿತಿಗೊಳಿಸಿಕೊಂಡವು. ಆ ಸಂಯಮದ ಫಲವಾಗಿ ಅವು ಮೂರೂ ಸಂಸ್ಕಾರಕಗಳಲ್ಲಿ ನಡೆದವು. ಝಡ್-೮೦ರ ವಿಶೇಷಗಳನ್ನು ನೆಚ್ಚಿಕೊಂಡ ಟರ್ಬೊ ಪಾಸ್ಕಲ್‌ನಂಥವು ಝಡ್-೮೦ ಇಲ್ಲದೆಡೆ ನಡೆಯಲಿಲ್ಲ. ಹೊಂದಾಣಿಕೆ ಚಿಪ್ಪು ತಯಾರಿಸುವವನ ಹೊಣೆಯಷ್ಟೇ ಅಲ್ಲ, ಬರೆಯುವವನ ಹೊಣೆಯೂ ಹೌದು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

೪

೧೯೭೮ರಲ್ಲಿ ಬಂದ ೮೦೮೬ ಹದಿನಾರು ಬಿಟ್ಟುಗಳ ಯಂತ್ರ. ಇದರ ಆಜ್ಞಾಗಣದ ಮುಖ್ಯ ರೂಪಕ ಸ್ಟೀಫನ್ ಮೋರ್ಸ್. ೮೦೮೦ರ ಯಂತ್ರಸಂಕೇತವನ್ನು ೮೦೮೬ ನೇರವಾಗಿ ಓದಲಾರದು. ಆದರೆ ೮೦೮೦ರ ಮೂಲಲೇಖವನ್ನು ಸಾಲುಸಾಲಾಗಿ ೮೦೮೬ರ ಮೂಲಲೇಖಕ್ಕೆ ಪರಿವರ್ತಿಸಲು ಸಾಧ್ಯವಾಗುವಂತೆ ಅದನ್ನು ರೂಪಿಸಲಾಯಿತು. ಹಳೆಯ ಯಂತ್ರದ ಒಂದೊಂದು ಕೋಶಕ್ಕೂ ಹೊಸದರಲ್ಲಿ ಒಂದು ಪ್ರತಿರೂಪವಿತ್ತು. ಸೂಚಕಗಳನ್ನು ೮೦೮೦ರ ಕ್ರಮದಲ್ಲಿಯೇ ಒಂದು ಬೈಟಿಗೆ ತುಂಬುವ ಆಜ್ಞೆಯೊಂದನ್ನು ಪರಿವರ್ತನೆಯ ಅನುಕೂಲಕ್ಕಾಗಿಯೇ ಸೇರಿಸಲಾಯಿತು. ಟಿಮ್ ಪ್ಯಾಟರ್ಸನ್ ಅವರು ೧೯೮೦ರಲ್ಲಿ ಬರೆದ ೮೬-ಡಾಸ್, ಸಿಪಿ/ಎಂನಿಂದ ಹೀಗೆ ಪರಿವರ್ತನೆಗೊಂಡ ತಂತ್ರಾಂಶಗಳನ್ನು ಬರಮಾಡಿಕೊಳ್ಳುವುದಕ್ಕೆಂದೇ ಹಳೆಯ ಕರೆಗಳ ಕ್ರಮವನ್ನು ಉಳಿಸಿಕೊಂಡಿತು. ಅದೇ ಮುಂದೆ ಎಂ.ಎಸ್. ಡಾಸ್ ಆಯಿತು.

೮೦೮೬ರ ತಂಗಿಯಾದ ೮೦೮೮ ೧೯೭೯ರದು. ಒಳಗೆ ಅದೇ ಆಜ್ಞಾಗಣ. ಹೊರಗೆ ಎಂಟು ಬಿಟ್ಟುಗಳ ದತ್ತಮಾರ್ಗ. ಮುಂದಿನ ಆಜ್ಞೆಗಳನ್ನು ಮೊದಲೇ ತಂದಿಟ್ಟುಕೊಳ್ಳುವ ಸಾಲು ೮೦೮೬ರಲ್ಲಿ ೬ ಬೈಟುಗಳು, ೮೦೮೮ರಲ್ಲಿ ೪ ಬೈಟುಗಳು. ತನ್ನ ಮುಂದಿನ ಆಜ್ಞೆಯನ್ನು ತಾನೇ ತಿದ್ದಿಕೊಳ್ಳುವ ಕ್ರಮವಿಧಿಗೆ ಮಾತ್ರ ಈ ಭೇದ ಕಾಣಿಸುತ್ತದೆ. ೧೯೮೧ರ ಐ.ಬಿ.ಎಂ. ಪಿಸಿಯ ಹೃದಯ ೪.೭೭ ಮೆಗಾಹರ್ಟ್ಸ್ ವೇಗದ ಈ ೮೦೮೮.

ಜಪಾನಿನ ಎನ್.ಇ.ಸಿ. ಕಂಪನಿ ೧೯೮೪ರಲ್ಲಿ ಹೊರತಂದ ವಿ-೨೦ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ೮೦೮೮ನ್ನು ಕಿತ್ತು ಅದೇ ಗೂಡಿನಲ್ಲಿ ವಿ-೨೦ನ್ನು ಕೂರಿಸಬಹುದಾಗಿತ್ತು. ಯಂತ್ರದ ವೇಗವೂ ಹೆಚ್ಚುತ್ತಿತ್ತು. ಮೇಲಾಗಿ ೮೦೮೦ರ ಯಂತ್ರಸಂಕೇತವನ್ನು ನೇರವಾಗಿ ನಡೆಸುವ ಒಂದು ವಿಶೇಷ ಸ್ಥಿತಿ ಅದರಲ್ಲಿತ್ತು. ಇಂಟೆಲ್ ತಾನೇ ಮುರಿದ ಸಂಬಂಧವನ್ನು ಎನ್.ಇ.ಸಿ. ಮರಳಿ ಕೂಡಿಸಿತು. ಆದರೆ ಅದು ಕೂಡಿಸಿದ್ದು ೮೦೮೦ರೊಡನೆ ಮಾತ್ರ. ಝಡ್-೮೦ರ ವಿಶೇಷ ಆಜ್ಞೆಗಳಿಗೆ ಅಲ್ಲಿ ಎಡೆಯಿರಲಿಲ್ಲ.

ವಿ-೨೦ರ ಒಂದು ಭೇದ ನಮ್ಮ ವಾದಕ್ಕೆ ತೀರ ಹತ್ತಿರದ್ದು. ಎರಡು ದಶಮಾನ ಅಂಕೆಗಳನ್ನು ಒಂದು ದ್ವಿಮಾನ ಸಂಖ್ಯೆಯಾಗಿ ಮಾಡುವ ಆಜ್ಞೆಯನ್ನು ೮೦೮೬ರ ಕೈಪಿಡಿ ೨೧೩, ೧೦ ಎಂಬ ಎರಡು ಬೈಟುಗಳಾಗಿ ಕೊಡುತ್ತದೆ. ಇಂಟೆಲಿನ ಸಿಲಿಕಾನ್ ಎರಡನೆಯ ಬೈಟನ್ನೇ ಗುಣಕವಾಗಿ ಬಳಸುತ್ತಿತ್ತು. ಇದನ್ನು ಕಂಡುಕೊಂಡ ಕ್ರಮವಿಧಿಕಾರರು ೧೦ರ ಸ್ಥಾನದಲ್ಲಿ ೧೬ನ್ನು ಇಟ್ಟು ಬೇರೆ ಕೆಲಸ ಮಾಡಿಸಿಕೊಂಡರು. ವಿ-೨೦ ಎರಡನೆಯ ಬೈಟನ್ನು ಲೆಕ್ಕಿಸದೆ ಸದಾ ೧೦ರಿಂದಲೇ ಗುಣಿಸಿತು. ಕೈಪಿಡಿಯ ದೃಷ್ಟಿಯಿಂದ ವಿ-೨೦ ನಡೆದದ್ದು ಸರಿ. ಸಿಲಿಕಾನಿನ ದೃಷ್ಟಿಯಿಂದ ಅದು ಅಪಪಾಠ. ಬರೆದ ಮಾತನ್ನು ಉಳಿಸಿಕೊಂಡ ನಕಲಿನಲ್ಲಿ ಬರೆಯದ ನಡವಳಿಕೆ ಕಳೆದುಹೋಯಿತು.

ಈ ಸಂಬಂಧ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ೮೦೮೬ ಮತ್ತು ೮೦೮೮ರ ಒಳಗಿನ ಸೂಕ್ಷ್ಮಸಂಕೇತದ ಹಕ್ಕಿನ ಬಗೆಗೆ ೧೯೮೪ರಲ್ಲಿ ಆರಂಭವಾದ ವ್ಯಾಜ್ಯದಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯ ೧೯೮೯ರಲ್ಲಿ ತೀರ್ಪಿತ್ತಿತು. ಸೂಕ್ಷ್ಮಸಂಕೇತಕ್ಕೆ ಕೃತಿಸ್ವಾಮ್ಯ ಉಂಟು, ಆದರೆ ಎನ್.ಇ.ಸಿ. ಅದನ್ನು ಉಲ್ಲಂಘಿಸಿಲ್ಲ ಎಂಬುದು ತೀರ್ಪಿನ ಸಾರ. ಒಂದೇ ಕೈಪಿಡಿಯನ್ನು ಅನುಸರಿಸಿ ಸ್ವತಂತ್ರವಾಗಿ ಬರೆದ ಎರಡು ಕೃತಿಗಳು ಅಲ್ಲಲ್ಲಿ ಹೋಲುವುದು ಅನಿವಾರ್ಯವೆಂಬ ತರ್ಕವನ್ನು ನ್ಯಾಯಾಲಯ ಮಾನ್ಯಮಾಡಿತು.

೫

ಬರೆಯದ ನಡವಳಿಕೆಯನ್ನು ನೆಚ್ಚಿಕೊಂಡರೆ ಎಷ್ಟು ದೂರದವರೆಗೆ ಅದರ ಋಣ ತೀರಿಸಬೇಕಾಗುತ್ತದೆಂಬುದಕ್ಕೆ ಮತ್ತೊಂದು ನಿದರ್ಶನವಿದೆ. ೮೦೮೮ಕ್ಕೆ ೨೦ ವಿಳಾಸರೇಖೆಗಳು. ಅಂದರೆ ೧೦,೪೮,೫೭೬ ಬೈಟುಗಳ ಸ್ಮೃತಿ. ಆ ಎಲ್ಲೆಯನ್ನು ಮೀರಿದ ವಿಳಾಸ ಕೊಟ್ಟರೆ ಅದು ಸುತ್ತಿ ಬಂದು ಮತ್ತೆ ಸೊನ್ನೆಯಿಂದ ಎಣಿಸುತ್ತಿತ್ತು. ಸಿಪಿ/ಎಂನ ಹಳೆಯ ಕರೆಯ ಪದ್ಧತಿಯನ್ನು ಉಳಿಸಿಕೊಳ್ಳಲು ಡಾಸ್ ಈ ಸುತ್ತುವಿಕೆಯನ್ನೇ ಉಪಾಯವಾಗಿ ಬಳಸಿತ್ತು. ೨೪ ವಿಳಾಸರೇಖೆಗಳಿದ್ದ ೮೦೨೮೬ರಲ್ಲಿ ವಿಳಾಸ ಸುತ್ತಿ ಬರದೆ ಮುಂದಿನ ಕೋಶಕ್ಕೆ ಹೋಗತೊಡಗಿತು. ಹಳೆಯ ತಂತ್ರಾಂಶಗಳನ್ನು ಬದುಕಿಸಲು ೧೯೮೪ರ ಪಿಸಿ-ಎಟಿಯಲ್ಲಿ ಐ.ಬಿ.ಎಂ. ಇಪ್ಪತ್ತೊಂದನೆಯ ರೇಖೆಗೆ ಒಂದು ಬಾಗಿಲಿಟ್ಟಿತು. ಆ ಬಾಗಿಲನ್ನು ತೆರೆದು ಮುಚ್ಚುವ ಕೆಲಸ ಬಿದ್ದದ್ದು, ಒಂದು ಕಾಲು ಬಿಡುವಾಗಿತ್ತೆಂಬ ಕಾರಣಕ್ಕೆ, ಕೀಲಿಮಣೆಯನ್ನು ನಿಯಂತ್ರಿಸುವ ಚಿಪ್ಪಿಗೆ. ೧೯೮೯ರ ೮೦೪೮೬ರಲ್ಲಿ ಇದಕ್ಕೆಂದೇ ಒಂದು ಕಾಲು ಬಂದಿತು. ೧೯೭೦ರ ದಶಕದ ಕಾರ್ಯವ್ಯವಸ್ಥೆಯೊಂದಕ್ಕೆ ಕೊಟ್ಟ ಮಾತು ಮೂರು ತಲೆಮಾರಿನ ಸಂಸ್ಕಾರಕಗಳನ್ನು ದಾಟಿ ಬಂದ ಬಗೆ ಇದು.

೬

ಈ ವಂಶ ಭಾರತವನ್ನು ಪ್ರವೇಶಿಸಿದ ಸಂದರ್ಭವನ್ನು ಈಗ ನೋಡಬಹುದು. ೧೯೭೮ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟುಹೋಯಿತು. ೧೯೭೬ರಲ್ಲಿ ದೆಹಲಿಯಲ್ಲಿ ಹುಟ್ಟಿದ ಎಚ್.ಸಿ.ಎಲ್. ಮೊದಲಾದ ದೇಶೀ ಕಂಪನಿಗಳು ತಮಗೆ ದೊರೆತ ಬೇರೆ ಬೇರೆ ಸಂಸ್ಕಾರಕಗಳಿಂದ ಯಂತ್ರಗಳನ್ನು ಕಟ್ಟಿದವು. ಶಾಲೆಗಳಲ್ಲಿ ಗಣಕ ಸಾಕ್ಷರತೆಯನ್ನು ಬೆಳೆಸಲು ೧೯೮೪–೮೫ರಲ್ಲಿ ೨೫೦ ಶಾಲೆಗಳಿಂದ ಆರಂಭವಾದ ‘ಕ್ಲಾಸ್’ ಯೋಜನೆ ಆರಿಸಿಕೊಂಡದ್ದು ೬೫೦೨ ಎಂಬ ಬೇರ��ಯೇ ವಂಶದ ಸಂಸ್ಕಾರಕವುಳ್ಳ ಬಿ.ಬಿ.ಸಿ. ಮೈಕ್ರೊ ಯಂತ್ರವನ್ನು. ಒಂದು ಯಂತ್ರದ ಕಡತ ಮತ್ತೊಂದಕ್ಕೆ ಹೋಗುವ ಖಾತರಿ ಆ ಕಾಲದಲ್ಲಿರಲಿಲ್ಲ. ೧೯೮೪ರ ನವೆಂಬರ್ ತಿಂಗಳ ಗಣಕ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿದ ಮೇಲೆ ಪಿಸಿಗೆ ಹೊಂದುವ ಯಂತ್ರಗಳು ಹರಡಿದವು. ದೆಹಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್.ಪಿ. ರಸ್ತೆ ಬಿಡಿಭಾಗಗಳ ಪೇಟೆಗಳಾದವು. ಇತ್ತ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ೮೦೮೫ರ ಕಿಟ್‌ಗಳು ದಶಕಗಳ ಕಾಲ ನೆಲೆಯೂರಿದವು. ರಮೇಶ್ ಗಾಂವ್ಕರ್ ಅವರ ೧೯೮೪ರ ಪಠ್ಯಪುಸ್ತಕ ಅಲ್ಲಿ ಮನೆಮಾತಾಯಿತು.

ಕನ್ನಡ ಈ ಯಂತ್ರಗಳಿಗೆ ಬಂದದ್ದು ಎರಡು ದಾರಿಗಳಿಂದ. ಮೊದಲನೆಯದು ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ, ೧೯೮೮ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ. ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ಗಳಂಥ ಇಂಗ್ಲಿಷ್ ತಂತ್ರಾಂಶಗಳೊಳಗೇ ಕನ್ನಡವನ್ನು ಬರೆಯಬಹುದಿತ್ತು. ತಂತ್ರಾಂಶಕ್ಕೆ ತಾನು ಕನ್ನಡವನ್ನು ಹೊತ್ತಿದ್ದೇನೆಂಬ ಅರಿವೇ ಇರುತ್ತಿರಲಿಲ್ಲ. ಇದು ಸಾಧ್ಯವಾದದ್ದು ಇಸ್ಕಿ ಎಂಬ ಸಂಕೇತದಿಂದ. ೨೫೬ ಸ್ಥಾನಗಳಲ್ಲಿ ಕೆಳಗಿನ ೧೨೮ನ್ನು ಇಂಗ್ಲಿಷಿಗೆ ಇದ್ದಂತೆಯೇ ಬಿಟ್ಟು, ಮೇಲಿನ ಭಾಗದಲ್ಲಿ ಭಾರತೀಯ ಅಕ್ಷರಗಳನ್ನು ಕೂರಿಸಲಾಯಿತು. ಝಡ್-೮೦ ಖಾಲಿ ಎಲೆಗಳನ್ನು ಬಳಸಿಕೊಂಡ ಕ್ರಮವೇ ಇಲ್ಲಿಯೂ ಕಾಣುತ್ತದೆ. ಭಾರತೀಯ ಮಾನಕ ಸಂಸ್ಥೆ ೧೯೯೧ರಲ್ಲಿ ಇದನ್ನು ಐ.ಎಸ್. ೧೩೧೯೪ ಎಂಬ ಮಾನಕವಾಗಿ ಪ್ರಕಟಿಸಿತು.

ಇಸ್ಕಿಯಲ್ಲಿ ‘ಕನ್ನಡ’ ಎಂಬ ಪದ ೧೭೯, ೧೯೮, ೨೩೨, ೧೯೮, ೧೯೧ ಎಂಬ ಐದು ಸಂಖ್ಯೆಗಳು: ಕ, ನ, ಹಲಂತ, ನ, ಡ. ಇವೇ ಐದು ಸಂಖ್ಯೆಗಳನ್ನು ನಾಗರಿಯಲ್ಲಿ ತೋರಿಸೆಂದರೆ ಅದೇ ಪದ ನಾಗರಿಯಲ್ಲಿ ಮೂಡುತ್ತದೆ. ೧೨೬ಕ್ಕೆ ಇಂಟೆಲ್ ಮತ್ತು ಜೈಲಾಗ್ ಕೊಟ್ಟ ಎರಡು ಬರಹಗಳ ಸಂಬಂಧವೇ ಇದು. ಜಿಸ್ಟ್ ಕಾರ್ಡ್ ಇಲ್ಲದ ಪಿಸಿಯಲ್ಲಿ ಅದೇ ಕಡತವನ್ನು ತೆರೆದರೆ ಮಾತ್ರ ಕಾಣುವುದು ಒಂದು ನಿಂತ ಗೆರೆ, ಕೂಡುಗೆರೆಗಳು, ಒಂದು ಗ್ರೀಕ್ ಅಕ್ಷರ, ಒಂದು ಚೌಕದ ಮೂಲೆ. ಐ.ಬಿ.ಎಂ. ಆ ಸ್ಥಾನಗಳಲ್ಲಿ ಕೋಷ್ಟಕದ ಗೆರೆಗಳನ್ನು ಕೂರಿಸಿದ್ದೇ ಇದಕ್ಕೆ ಕಾರಣ. ಈ ಘರ್ಷಣೆಯನ್ನು ತಪ್ಪಿಸಲು ಗೆರೆಗಳ ಸ್ಥಾನಗಳನ್ನು ಬಿಟ್ಟು ಅಕ್ಷರಗಳನ್ನು ಬೇರೆಡೆ ಹೊಂದಿಸಿದ ಪಿಸಿ-ಇಸ್ಕಿ ಎಂಬ ಪ್ರಭೇದವೂ ಬಳಕೆಗೆ ಬಂದಿತು. ಹೀಗೆ ಮಾನಕದೊಳಗೇ ಒಂದು ಪಾಠಾಂತರ ಹುಟ್ಟಿತು.

ಎರಡನೆಯ ದಾರಿ ಅಕ್ಷರದ ಆಕಾರಗಳಿಗೇ ಸಂಖ್ಯೆ ಕೊಡುವುದು. ಪುಸ್ತಕ ಮುದ್ರಣಕ್ಕೆ ಬಂದ ಅನೇಕ ತಂತ್ರಾಂಶಗಳು ತಲೆಕಟ್ಟು, ಕೊಂಬು, ಒತ್ತುಗಳಿಗೆ ತಮತಮಗೆ ತೋಚಿದ ಸಂಖ್ಯೆಗಳನ್ನು ಕೊಟ್ಟುಕೊಂಡವು. ಬಹುಪಾಲು ಈ ಕೋಷ್ಟಕಗಳು ಪ್ರಕಟವಾಗಲಿಲ್ಲ. ೮೦೮೫ರ ಹತ್ತು ಗುಪ್ತ ಆಜ್ಞೆಗಳಂತೆ ಅವು ಸಿಲಿಕಾನಿನಲ್ಲಿ ಇದ್ದವು, ಕೈಪಿಡಿಯಲ್ಲಿ ಇರಲಿಲ್ಲ.

೭

ಜನಕಪುರಿಯ ಪೆಟ್ಟಿಗೆಗೆ ಹಿಂದಿರುಗೋಣ. ಫ್ಲಾಪಿಯ ಕಾಂತಲೇಪ ಕೆಡದೆ ಉಳಿದು, ಓದುವ ಸಾಧನವೂ ದೊರೆತರೆ ಬೈಟುಗಳು ಕೈಗೆ ಬರುತ್ತವೆ. ಅವುಗಳನ್ನು ಬರೆದ ಡಾಸ್ ತಂತ್ರಾಂಶವನ್ನು ಇಂದಿನ ಯಂತ್ರದಲ್ಲಿ ನೇರವಾಗಿ ನಡೆಸಲಾಗದು. ಇಂದಿನ ಸಂಸ್ಕಾರಕವೂ ೮೦೮೬ರ ವಂಶದ್ದೇ ಇರಬಹುದು. ಆದರೆ ೬೪ ಬಿಟ್ಟುಗಳ ಸ್ಥಿತಿಯಲ್ಲಿರುವಾಗ ಅದು ಹಳೆಯ ೮೦೮೬ರ ವೇಷವನ್ನು ತೊಡಲಾರದು. ೬೪ ಬಿಟ್ಟುಗಳ ವಿಂಡೋಸ್ ೧೬ ಬಿಟ್ಟುಗಳ ತಂತ್ರಾಂಶಗಳನ್ನು ನಡೆಸದು; ೨೦೨೧ರ ವಿಂಡೋಸ್ ೧೧ ಆ ರೂಪದಲ್ಲಿ ಮಾತ್ರ ಬಂದಿದೆ. ಹದಿನಾರು ಬಿಟ್ಟುಗಳ ಪರಂಪರೆಯನ್ನು ಚಿಪ್ಪಿನಿಂದಲೇ ತೆಗೆದುಹಾಕುವ ಪ್ರಸ್ತಾವವನ್ನು ಇಂಟೆಲ್ ೨೦೨೩ರಲ್ಲಿ ಮುಂದಿಟ್ಟು, ೨೦೨೪ರಲ್ಲಿ ಕೈಬಿಟ್ಟಿತು. ಅದೇ ೨೦೨೪ರಲ್ಲಿ ಜೈಲಾಗ್ ತನ್ನ ಸ್ವತಂತ್ರ ಝಡ್-೮೦ ಚಿಪ್ಪಿನ ಕೊನೆಯ ಬೇಡಿಕೆಗಳನ್ನು ಸ್ವೀಕರಿಸಿ, ೪೮ ವರ್ಷಗಳ ಪರಂಪರೆಗೆ ಮಂಗಳ ಹಾಡಿತು. ಹಳೆಯ ಯಂತ್ರವನ್ನು ತಂತ್ರಾಂಶದಲ್ಲಿಯೇ ಅನುಕರಿಸುವ ಡಾಸ್‌ಬಾಕ್ಸ್‌ನಂಥ ಸಾಧನಗಳು ಈಗ ಉಳಿದಿರುವ ದಾರಿ. ಅನುಕರಣೆಯೂ ಒಂದು ಪ್ರತಿಯೇ ಆದ್ದರಿಂದ, ಈವರೆಗೆ ಚರ್ಚಿಸಿದ ಎಲ್ಲ ಭೇದಗಳೂ ಅದಕ್ಕೆ ಅನ್ವಯಿಸುತ್ತವೆ.

ಕಡತ ಇಸ್ಕಿಯಲ್ಲಿದ್ದರೆ ತಂತ್ರಾಂಶವಿಲ್ಲದೆಯೂ ಅದನ್ನು ಯೂನಿಕೋಡಿಗೆ ತರಬಹುದು. ಯೂನಿಕೋಡಿನ ಕನ್ನಡ ವಿಭಾಗ ೧೯೮೮ರ ಇಸ್ಕಿಯನ್ನೇ ಆಧರಿಸಿದೆ. ಕ ಎಂಬುದು ಇಸ್ಕಿಯಲ್ಲಿ ೧೭೯, ಯೂನಿಕೋಡಿನಲ್ಲಿ ೩೨೨೧, ಅಂತರ ೩೦೪೨. ನ ಮತ್ತು ಡ ಅಕ್ಷರಗಳಿಗೂ ಅಂತರ ೩೦೪೨. ಹಾಗಾದರೆ ಪ್ರತಿ ಸಂಖ್ಯೆಗೂ ೩೦೪೨ನ್ನು ಕೂಡಿದರೆ ಸಾಕೆಂದು ತೋರುತ್ತದೆ. ಆದರೆ ಹಲಂತಕ್ಕೆ ಅಂತರ ೩೦೪೫. ಕಣ್ಣುಮುಚ್ಚಿ ೩೦೪೨ನ್ನೇ ಕೂಡಿದವರಿಗೆ ಹಲಂತದ ಜಾಗದಲ್ಲಿ ಒಕಾರ ದೊರೆತು, ‘ಕನ್ನಡ’ ಎಂಬುದು ‘ಕನೊನಡ’ ಆಗುತ್ತದೆ. ಪದಪಟ್ಟಿಯ ಪ್ರತಿಯೊಂದು ಒತ್ತಕ್ಷರವೂ ಹೀಗೆಯೇ ಕೆಡುತ್ತದೆ. ೧ಕ್ಕೆ ೨ನ್ನು ಕೂಡಿದಾಗ ಕಂಡ ಭೇದ ಕಣ್ಣಿಗೆ ಬೀಳುತ್ತಿರಲಿಲ್ಲ. ಇದು ಎದ್ದು ಕಾಣುತ್ತದೆ. ಆದರೆ ಎರಡರ ಬೇರೂ ಒಂದೇ: ಬಹುಪಾಲು ಸಾಮ್ಯವನ್ನು ಪೂರ್ಣ ಸಾಮ್ಯವೆಂದು ನಂಬಿದ್ದು.

ಕಡತ ಅಪ್ರಕಟಿತ ಆಕಾರಸಂಕೇತದಲ್ಲಿದ್ದರೆ ಸಂಶೋಧಕ ಶಾಸನ ಓದುವವನ ಸ್ಥಿತಿಗೆ ಬರುತ್ತಾನೆ. ಅದೇ ಪಠ್ಯದ ಮುದ್ರಿತ ಹಾಳೆಯೊಂದು ದೊರೆತರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಂಖ್ಯೆಯ ಅರ್ಥವನ್ನು ತಾನೇ ಕಟ್ಟಿಕೊಳ್ಳಬೇಕು.

ಒಟ್ಟಿನಲ್ಲಿ, ಹೊಂದಾಣಿಕೆ ಎಂಬುದು ಒಂದು ಯಂತ್ರವು ಮತ್ತೊಂದನ್ನು ಸಂಪೂರ್ಣವಾಗಿ ಹೋಲುವ ಗುಣವಲ್ಲ. ಬರೆದಿಟ್ಟ ಮಾತನ್ನು ಮುಂದಿನವರು ನಡೆಸಿಕೊಡುವ ಕಟ್ಟುಪಾಡು. ಬರೆದದ್ದು ಹೆಚ್ಚಾಗಿ ಉಳಿದಿದೆ. ಬರೆಯದೆ ಬಿಟ್ಟದ್ದು, ಅದು ಎಷ್ಟೇ ಕಾಲ ನಡೆದುಕೊಂಡು ಬಂದಿದ್ದರೂ, ಯಾವುದೋ ಒಂದು ತಲೆಮಾರಿನಲ್ಲಿ ಕಡಿದುಹೋಗಿದೆ.

ಓಲೆಗರಿಯ ಪ್ರತಿಕಾರನು ಕೃತಿಯ ಕೊನೆಯಲ್ಲಿ ತಾನು ಯಾರು, ಯಾವ ಸಂವತ್ಸರದಲ್ಲಿ, ಯಾರಿಗಾಗಿ ಬರೆದೆನೆಂದು ನಾಲ್ಕು ಸಾಲು ಬರೆಯುತ್ತಿದ್ದನು. ಗಣಕದ ಕಡತಗಳಿಗೆ ನಾವು ಅಂಥ ಪುಷ್ಪಿಕೆಯನ್ನು ಬರೆಯಲಿಲ್ಲ. ಹೊರನಾಡಿನ ಮನೆಗಳಲ್ಲಿ, ಸಂಘಗಳ ಕಪಾಟುಗಳಲ್ಲಿ, ವಿಭಾಗಗಳ ಉಗ್ರಾಣಗಳಲ್ಲಿ ಇಂಥ ಫ್ಲಾಪಿಗಳು ದೊರೆತಾಗ ಮೂರು ಕೆಲಸಗಳು ಆಗಬೇಕು. ಬೈಟುಗಳನ್ನು ಒಂದನ್ನೂ ತಿದ್ದದೆ ಮೂಲಪ್ರತಿಯಾಗಿ ಕಾಪಿಡಬೇಕು. ಪರಿವರ್ತನೆ ಏನಿದ್ದರೂ ಬೇರೆ ಪ್ರತಿಯಲ್ಲಿ ನಡೆಯಬೇಕು. ಯಾವ ಯಂತ್ರ, ಯಾವ ತಂತ್ರಾಂಶ, ಯಾವ ಸಂಕೇತ, ಯಾವ ವರ್ಷ ಎಂಬುದನ್ನು, ಬರೆದವರು ಅಥವಾ ಬಲ್ಲವರು ಇರುವಾಗಲೇ ಕೇಳಿ ಜೊತೆಗೆ ಬರೆದಿಡಬೇಕು. ಮೊದಲಿನ ಎರಡನ್ನು ನಾಳೆಯೂ ಮಾಡಬಹುದು. ಮೂರನೆಯದು ಮನುಷ್ಯರ ನೆನಪನ್ನು ಅವಲಂಬಿಸಿರುವುದರಿಂದ ಅದಕ್ಕೆ ಅಷ್ಟು ಕಾಲಾವಕಾಶವಿಲ್ಲ.